ಐವತ್ತೇಳು ಪಾಯಿಂಟ್ ಒಂಬತ್ತು

"ಐವತ್ತೆಂಟು ಪಾಯಿಂಟ್ ಐದು," ಎಂದು ಪವಿತ್ರಾ ಫೋನಿನಿಂದ ತಲೆಯೆತ್ತದೆ ಹೇಳಿದಳು.

ಡೈರಿಯ ಕಟ್ಟೆಯ ಮೇಲೆ ಕ್ಯಾನು ಇಟ್ಟು ನಿಂತಿದ್ದ ಪುಟ್ಟಮಲ್ಲಮ್ಮ ಹುಬ್ಬು ಗಂಟಿಕ್ಕಿದಳು. "ಯಾರ ಹಾಲಿಗೆ ಕಣವ್ವ ಐವತ್ತೆಂಟು? ನನ್ನ ಎಮ್ಮೆ ಏನ್ ಬೆಣ್ಣೆ ಕರಗ್ಸಿ ಕೊಟ್ಟದಾ?"

"ಹಾಲಿಗಲ್ಲ ಕಣಕ್ಕ. ಕಬಿನಿ ಡ್ಯಾಮಿನ ನೀರು."

"ಸರಿಹೋಯ್ತು ಬುಡು. ಹಾಲು ಅಳಿಯೇ ಅಂದ್ರೆ ಹೊಳೆ ಅಳೀತಾ ಕುಂತವ್ಳೆ."

ಸಾಲಿನಲ್ಲಿದ್ದವರು ನಕ್ಕರು. ಪವಿತ್ರಾಳೂ ನಕ್ಕು, ಫೋನನ್ನು ಸೆರಗಿನ ಮರೆಗೆ ಸಿಕ್ಕಿಸಿಕೊಂಡು, ಪುಟ್ಟಮಲ್ಲಮ್ಮನ ಹಾಲಿಗೆ ಗಾಜಿನ ಅಳತೆಗೋಲು ಇಳಿಬಿಟ್ಟಳು. ಬೆಳಿಗ್ಗೆ ಐದೂವರೆಗೆ ಬಂದು ಹೀಗೆ ನಿಂತರೆ ಕೊನೆಯ ಕ್ಯಾನು ಮುಗಿಯುವಷ್ಟರಲ್ಲಿ ಸೊಂಟ ತನ್ನದಲ್ಲ ಎನ್ನಿಸುತ್ತಿತ್ತು. ಆಮೇಲೆ ಮನೆ, ಇಬ್ಬರು ಮಕ್ಕಳು, ಎರಡು ಹಸು, ಒಂದು ರಾಶಿ ಬಟ್ಟೆ. ಸಂಜೆ ಮತ್ತೆ ಇದೇ ಕಟ್ಟೆ. ಇಷ್ಟರ ನಡುವೆ ಅವಳು ಎರಡು ವರ್ಷದಿಂದ ತಪ್ಪಿಸದೆ ಮಾಡುತ್ತಿದ್ದ ಕೆಲಸವೆಂದರೆ, ರಾಜ್ಯದ ಜಲಾಶಯಗಳ ನೀರಿನ ಮಟ್ಟವನ್ನು ದಿನಾ ಬೆಳಿಗ್ಗೆ ಹಾಕುವ ಒಂದು ವೆಬ್‌ಸೈಟನ್ನು ತೆರೆದು ಕಬಿನಿಯ ಎದುರಿಗಿರುವ ಅಂಕಿ ಓದುವುದು. ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ಅಡಿಗಳು ಅವು. ಎರಡು ಸಾವಿರದ ಇನ್ನೂರು ಎಂಬುದನ್ನು ಅವಳು ನುಂಗಿಬಿಡುತ್ತಿದ್ದಳು. ಅವಳಿಗೆ ಬೇಕಾದದ್ದು ಕೊನೆಯ ಎರಡಂಕಿ ಮತ್ತು ಚುಕ್ಕೆಯ ಆಚೆಯ ಒಂದಂಕಿ ಮಾತ್ರ.

ಊರಿನ ಹೆಸರು ಹೊಸ ಮೂಡಲಕುಪ್ಪೆ. ಕೋಟೆ ತಾಲ್ಲೂಕಿನ ಹಂಪಾಪುರದ ಮಗ್ಗುಲಲ್ಲಿದೆ. ಹಳೇ ಮೂಡಲಕುಪ್ಪೆ ಇದ್ದದ್ದು ಅಂತರಸಂತೆಯ ಆಚೆ, ಕಾಡಿನ ಅಂಚಿನಲ್ಲಿ. ಅಣೆಕಟ್ಟೆ ತುಂಬಿದ ವರ್ಷ ಅದು ನೀರಿನಡಿಗೆ ಹೋಯಿತು. ಜನ ದೇವರನ್ನು ತಂದರು, ಬಾಗಿಲು ಕಿತ್ತು ತಂದರು, ಹೆಂಚು ತಂದರು. ಕರುಗಲ್ಲನ್ನು ಮಾತ್ರ ತರಲಿಲ್ಲ. ಊರು ಹುಟ್ಟಿದ ದಿನ ನೆಟ್ಟ ಕಲ್ಲು ಅದು, ದನಕರುಗಳಿಗೆ ರೋಗ ಬಂದಾಗ ಸುತ್ತು ಬರಿಸುತ್ತಿದ್ದ ಕಲ್ಲು. ಅದನ್ನು ಕೀಳಬಾರದು ಎಂದು ಹಿರಿಯರು ಹಟ ಹಿಡಿದರು. ಬೇಸಿಗೆಯಲ್ಲಿ ನೀರು ತೀರಾ ಇಳಿದ ಯಾವುದೋ ಒಂದು ವರ್ಷ ಅದು ತಲೆಯೆತ್ತುತ್ತದೆ. ಯಾವ ವರ್ಷ, ಯಾವ ದಿನ ಎಂದು ಇಷ್ಟು ದೂರದಲ್ಲಿರುವವರಿಗೆ ಗೊತ್ತಾಗುವಷ್ಟರಲ್ಲಿ ಹೊಳೆ ಹುಟ್ಟುವ ವಯನಾಡಿನಲ್ಲಿ ಮಳೆ ಹಿಡಿದು ಮತ್ತೆ ಮುಳುಗಿರುತ್ತದೆ.

ಎರಡು ವರ್ಷದ ಕೆಳಗೆ ಒಂದು ಫೋಟೋ ಬಂತು. 'ಕೋಟೆ ಸ್ಫೋಟ ನ್ಯೂಸ್' ಎಂಬ ಪುಟದಲ್ಲಿ, ಕೆಂಪು ಅಕ್ಷರದಲ್ಲಿ, 'ನೀರಿನಿಂದ ಎದ್ದ ಮೂಡಲಕುಪ್ಪೆಯ ಕರುಗಲ್ಲು' ಎಂದು. ಫೋಟೋದಲ್ಲಿ ಕಲ್ಲು ಮೊಣಕಾಲೆತ್ತರ ಎದ್ದು ನಿಂತಿತ್ತು, ಸುತ್ತ ಹಸಿ ಕೆಸರು. ಊರಿನ ವಾಟ್ಸಾಪ್ ಗುಂಪಿನಲ್ಲಿ ಅದು ಐದು ಸಲ ಸುತ್ತಿತು. ಪವಿತ್ರಾಳ ಗಂಡ ಕಾಂತರಾಜು ಮಾರನೆಯ ದಿನವೇ ಬಾಡಿಗೆ ಬಿಟ್ಟು, ತನ್ನ ಆಟೋದಲ್ಲಿ ಅವ್ವನನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ಹೊರಟ. ಅವನ ಅವ್ವ ಮರಮ್ಮ ಎಪ್ಪತ್ತು ದಾಟಿದವಳು. ಚೊಂಬಿನಲ್ಲಿ ಹಾಲು ಹಿಡಿದು, ಒಂದು ತೊಟ್ಟೂ ಚೆಲ್ಲದಂತೆ ಅಷ್ಟು ದೂರ ಕೂತಿದ್ದಳು. ಹೋಗಿ ನೋಡಿದರೆ ಕಣ್ಣು ಹಾಯುವಷ್ಟೂ ನೀರು. ಫೋಟೋ ಯಾವ ಕಾಲದ್ದೋ ಆಗಿತ್ತು.

"ಕಲ್ಲೆಲ್ಲಿ ಮಗ?" ಎಂದು ಮರಮ್ಮ ಒಂದೇ ಸಲ ಕೇಳಿದಳು. ಅವಳು ದಡದಲ್ಲಿ ಸ್ವಲ್ಪ ಹೊತ್ತು ನಿಂತು, ಹಾಲನ್ನು ನೀರಿಗೇ ಬಿಟ್ಟು ಬಂದು ಆಟೋದಲ್ಲಿ ಕೂತಳು.

ಆ ಸಂಜೆ ಕೊಟ್ಟಿಗೆಯಲ್ಲಿ ಸೊಸೆಯೊಬ್ಬಳೇ ಇದ್ದಾಗ ಅವಳು ಬಾಯಿ ಬಿಟ್ಟಳು. "ನನ್ಗೆ ಕಲ್ಲಿನ ಪೂಜೆ ಏನ್ ಬೇಕಿರ್ಲಿಲ್ಲ ಕಣವ್ವ. ಕಲ್ಲು ಸಿಕ್ಕುದ್ರೆ ಬೀದಿ ಸಿಕ್ತದೆ, ಬೀದಿ ಸಿಕ್ಕುದ್ರೆ ಮನೆ. ಮನೆ ಹಿತ್ಲಲ್ಲಿ ನನ್ ಕೂಸದೆ."

ಮೂರು ತಿಂಗಳ ಹೆಣ್ಣುಕೂಸು. ಮರಮ್ಮನ ಚೊಚ್ಚಲು. ಹೆಸರಿನ್ನೂ ಇಟ್ಟಿರಲಿಲ್ಲ, ಪುಟ್ಟಿ ಎನ್ನುತ್ತಿದ್ದರು. ಜ್ವರಕ್ಕೆ ಎರಡೇ ದಿನದಲ್ಲಿ ಹೋಯಿತು. ಹಲ್ಲು ಹುಟ್ಟದ ಕೂಸನ್ನು ಆ ಊರಲ್ಲಿ ಮಸಣಕ್ಕೆ ಒಯ್ಯುತ್ತಿರಲಿಲ್ಲ. ಹಿತ್ತಲಲ್ಲೇ, ಬಚ್ಚಲ ನೀರು ಹರಿಯುವ ಕಡೆ, ತಾಯಿಯ ಕಣ್ಣಳತೆಯಲ್ಲಿರಲಿ ಎಂದು ಮಣ್ಣು ಮಾಡುತ್ತಿದ್ದರು. ವರ್ಷ ತುಂಬಿದ ದಿನ ಆ ಜಾಗಕ್ಕೆ ತಾಯಿ ಹಾಲು ಬಿಡಬೇಕು. ವರ್ಷ ತುಂಬುವುದಕ್ಕೆ ಮೊದಲು ನೀರು ಬಂತು. ಮರಮ್ಮನಿಗೆ ಆಗ ಹತ್ತೊಂಬತ್ತು.

ಹದಿನೈದು ವರ್ಷ ಒಂದೇ ಒಲೆಯಲ್ಲಿ ಉಂಡ ಸೊಸೆಗೆ ಇದು ಗೊತ್ತಿರಲಿಲ್ಲ. ಕಾಂತರಾಜುವಿಗೂ ಅಕ್ಕ ಒಬ್ಬಳಿದ್ದಳಂತೆ ಎನ್ನುವುದರಾಚೆ ಏನೂ ಗೊತ್ತಿರಲಿಲ್ಲ. ಅಂದಿನಿಂದ ಮರಮ್ಮ ಫೋನಿನಲ್ಲಿ ಬಂದ ಯಾವ ಮಾತಿಗೂ ಕಿವಿ ಕೊಡಲಿಲ್ಲ. "ಆ ಡಬ್ಬಿ ಮಾತು ಕೇಳಿ ನಾ ಇನ್ ಎಲ್ಗೂ ಬರಕ್ಕಿಲ್ಲ," ಎಂದುಬಿಟ್ಟಳು.

ಪವಿತ್ರಾ ಅಂಕಿ ಹಿಡಿದು ಹೊರಟದ್ದು ಆಮೇಲೆ. ಮೊದಲಿಗೆ ಅವಳಿಗೂ ಯಾವುದನ್ನು ನಂಬುವುದೋ ತಿಳಿಯಲಿಲ್ಲ. ಕಬಿನಿ ಎಂದು ಹುಡುಕಿದರೆ ಹತ್ತು ಕಡೆ ಹತ್ತು ಮಾತು. ಒಂದರಲ್ಲಿ ಹೋದ ವರ್ಷದ ನೀರು, ಒಂದರಲ್ಲಿ ಬೇರೆ ಡ್ಯಾಮಿನ ಗೇಟು, ಒಂದರಲ್ಲಿ ಸಂಗೀತ ಹಾಕಿ ಕಿರುಚುವ ಗಂಡಸು. ಕೊನೆಗೆ ಅವಳು ಡೈರಿಯಲ್ಲಿ ಹಾಲಿಗೆ ಕೇಳುವ ಪ್ರಶ್ನೆಯನ್ನೇ ಅವಕ್ಕೂ ಕೇಳತೊಡಗಿದಳು. ಯಾರು ಅಳೆದರು, ಯಾವಾಗ ಅಳೆದರು, ಯಾವುದರಲ್ಲಿ ಅಳೆದರು. ಉತ್ತರ ಕೊಡದವನ್ನೆಲ್ಲ ಚೆಲ್ಲಿದ ಮೇಲೆ ಉಳಿದದ್ದು ಬಣ್ಣವಿಲ್ಲದ, ಚಿತ್ರವಿಲ್ಲದ, ಇಂಗ್ಲಿಷಿನ ಆ ಒಂದು ಪಟ್ಟಿ.

ಇನ್ನೊಂದು ಅವಳಿಗೆ ತಾನಾಗಿ ಸಿಕ್ಕಿತು. ಹಂಪಾಪುರದ ಹತ್ತಿರ ಶುಂಠಿಗೆ ಜಮೀನು ಗುತ್ತಿಗೆ ಹಿಡಿದಿದ್ದ ವಯನಾಡಿನ ಮಾನಂದವಾಡಿಯ ಒಬ್ಬ ಮಲಯಾಳಿ ದಿನಾ ಡೈರಿಗೆ ಹಾಲಿಗೆ ಬರುತ್ತಿದ್ದ. ಅವನ ಊರಿನ ಕಡೆ ಒಂದಷ್ಟು ಜನ ತಮ್ಮ ಅಂಗಳದಲ್ಲಿ ಮಳೆ ಅಳೆಯುವ ಪಾತ್ರೆ ಇಟ್ಟುಕೊಂಡು, ದಿನಾ ಬಿದ್ದ ಮಳೆಯ ಮಿಲಿಮೀಟರು ಲೆಕ್ಕವನ್ನು ಒಂದು ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಿದ್ದರು. ಅವನು ಅದನ್ನು ತೋರಿಸಿದಾಗ ಪವಿತ್ರಾ ಮುಖ ಸಪ್ಪಗೆ ಮಾಡಿದಳು. "ಇದು ಮಲಯಾಳ ಅಲ್ವಾ, ನನ್ಗೆ ಓದಕ್ಕೆ ಬರಲ್ಲ."

"ಅಕ್ಷರ ವೇಂಡ ಚೇಚಿ," ಎಂದ ಅವನು. "ಅಂಕಿ ನೋಡು, ಸಾಕು."

ಅಂಕಿ ಅವಳಿಗೆ ಓದಲು ಬರುತ್ತಿತ್ತು. ಸೊನ್ನೆ, ಸೊನ್ನೆ, ಎರಡು, ಸೊನ್ನೆ. ಹಟ್ಟಿಯ ಹಿಂದೆ ಪಾತ್ರೆ ಇಟ್ಟ ಯಾರೋ ಮುದುಕ, ಯಾರೋ ಮೇಡಂ, ಯಾರೋ ಚರ್ಚಿನ ಪಾದ್ರಿ. ಅವರ ಪುಟ್ಟ ಪುಟ್ಟ ಮುಖದ ಚಿತ್ರಗಳು, ಪಕ್ಕದಲ್ಲಿ ಒಂದೊಂದು ಅಂಕಿ. ಅಷ್ಟು ದೂರದ ಬೆಟ್ಟದಲ್ಲಿ, ಹೆಸರೂ ಉಚ್ಚರಿಸಲು ಬಾರದ ಊರಿನಲ್ಲಿ, ಒಬ್ಬಳು ಹೆಂಗಸು ಬೆಳಿಗ್ಗೆ ಎದ್ದು ಪಾತ್ರೆಯಲ್ಲಿ ಎಷ್ಟು ನೀರಿದೆ ಎಂದು ಬಗ್ಗಿ ನೋಡುತ್ತಾಳೆ. ಅವಳು ನೋಡಿದ್ದು ಇಲ್ಲಿ ತನ್ನ ಅಂಗೈಗೆ ಬರುತ್ತದೆ. ಆ ನೀರು ಮಾತ್ರ ಆಮೇಲೆ ನಿಧಾನಕ್ಕೆ, ಹೊಳೆಯಲ್ಲಿ ನಡೆದು ಬರುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ಪವಿತ್ರಾಳ ಕೈ ಒಂದು ಗಳಿಗೆ ಕೆಲಸ ಮರೆಯುತ್ತಿತ್ತು. ಹೋದ ವರ್ಷವೆಲ್ಲ ಎರಡನ್ನೂ ಒಟ್ಟಿಗೆ ನೋಡಿ ನೋಡಿ ಅವಳಿಗೆ ಒಂದು ಮರ್ಮ ಸಿಕ್ಕಿತ್ತು: ಅಲ್ಲಿ ಜೋರು ಮಳೆ ಬಿದ್ದ ಮಾರನೆಯ ದಿನ ಇಲ್ಲಿ ನೀರು ಇಳಿಯುವುದು ನಿಲ್ಲುತ್ತದೆ, ಮೂರನೆಯ ದಿನ ಏರುತ್ತದೆ.

ಆದರೆ ಎಷ್ಟಕ್ಕೆ ಇಳಿದರೆ ಕಲ್ಲು ಕಾಣುತ್ತದೆ? ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅದಕ್ಕೇ ಈ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ, ಅಂಕಿ ಅರವತ್ತರ ಕೆಳಗೆ ಇಳಿದ ದಿನ, ಅವಳು ಹ್ಯಾಂಡ್‌ಪೋಸ್ಟ್ ಪೇಟೆಗೆ ಹೋಗಿ ಆ ಫೋಟೋ ಹಾಕಿದ್ದ ಚಲುವರಾಜುವಿನ ಅಂಗಡಿ ಹುಡುಕಿದಳು. ಮೊಬೈಲ್ ರಿಚಾರ್ಜು, ಕವರು, ಇಯರ್‌ಫೋನು ಮಾರುವ ಅಂಗಡಿ. 'ಕೋಟೆ ಸ್ಫೋಟ ನ್ಯೂಸ್' ನಡೆಯುತ್ತಿದ್ದದ್ದೂ ಅಲ್ಲಿಂದಲೇ. ಮೂವತ್ತರ ಆಸುಪಾಸಿನ ಮನುಷ್ಯ, ಗಡ್ಡ ಬಿಟ್ಟಿದ್ದ.

"ಆ ಕರುಗಲ್ಲಿನ ಫೋಟೋನಾ?" ಎಂದ. "ಅಕ್ಕ, ಅದನ್ನ ಎಂಟ್ ಸಾವ್ರ ಜನ ನೋಡವ್ರೆ."

"ನೋಡ್ದೋರು ಎಂಟ್ ಸಾವ್ರ. ಹೋಗಿ ಬರೀ ನೀರ್ ನೋಡ್ಕೊಂಡ್ ಬಂದೋರು ನಾವ್ ಮೂರೇ ಜನ."

ಚಲುವರಾಜು ಕವರುಗಳನ್ನು ಜೋಡಿಸತೊಡಗಿದ. "ದಿನಾ ಏನಾದ್ರು ಹಾಕ್ಲೇಬೇಕಲ್ಲಕ್ಕ. ಇಲ್ದಿದ್ರೆ ಜನ ಪೇಜೇ ಮರ್ತೋಯ್ತಾರೆ."

"ನಿಮ್ಗೆ ದಿನಾ ಬೇಕು ಅಂತ ಕಲ್ಲು ದಿನಾ ಏಳ್ತದಾ?"

ಅವನು ನಗಲು ನೋಡಿ ಬಿಟ್ಟ. ಅವಳು ಜಗಳಕ್ಕೆ ಬಂದವಳಲ್ಲ, ಫೋಟೋ ತೆಗೆದ ತಾರೀಕು ಕೇಳಲು ಬಂದವಳು ಎಂದು ತಿಳಿದ ಮೇಲೆ ಹಳೆಯ ಫೋನೊಂದನ್ನು ಡ್ರಾಯರಿನಿಂದ ತೆಗೆದ. ಹಿನ್ನೀರಿನಲ್ಲಿ ಮೀನು ಹಿಡಿಯುವ ಯಾರೋ ತೆಗೆದು ಕಳಿಸಿದ್ದ ಮೂಲ ಫೋಟೋ ಅದರಲ್ಲಿತ್ತು. ಒತ್ತಿ ಹಿಡಿದರೆ ತಾರೀಕು, ಹೊತ್ತು ಎಲ್ಲ ಬಂತು. ಎಷ್ಟೋ ವರ್ಷದ ಕೆಳಗಿನ ಮೇ ತಿಂಗಳ ಒಂಬತ್ತು. ಪವಿತ್ರಾ ಅಲ್ಲೇ ನಿಂತು ತನ್ನ ಪಟ್ಟಿಯಲ್ಲಿ ಹಿಂದೆ ಹಿಂದೆ ಹೋದಳು. ಆ ದಿನದ ಅಂಕಿ ಸಿಕ್ಕಿತು. ಐವತ್ತೇಳು ಪಾಯಿಂಟ್ ಎಂಟು.

"ಇದ್ರಿಂದ ಏನ್ ಗೊತ್ತಾಯ್ತದೆ?" ಎಂದು ಚಲುವರಾಜು ಕೇಳಿದ.

ಅವಳು ವಿವರಿಸಿದಳು. ಅವನು ತನ್ನ ಹಳೆಯ ಫೋನನ್ನೂ ಅವಳ ಒಡೆದ ಗಾಜಿನ ಫೋನನ್ನೂ ಬದಲಿಸಿ ಬದಲಿಸಿ ನೋಡಿದ. "ಅಲ್ಲಕ್ಕ," ಎಂದ ಕೊನೆಗೆ, "ಇದು ಎರಡು ವರ್ಷದಿಂದ ನನ್ ಡ್ರಾಯರಲ್ಲೇ ಇತ್ತಲ್ಲ."

ಆಮೇಲಿನ ದಿನಗಳು ನಿಧಾನಕ್ಕೆ ಇಳಿದವು. ಐವತ್ತೆಂಟು ಪಾಯಿಂಟ್ ಐದು. ಮೂರು. ಒಂದು. ಡೈರಿಯ ಸಾಲಿನವರೂ ಕೇಳುವಂತಾದರು. "ಹೊಳೆಗೆ ಇವತ್ತು ಎಷ್ಟು ಡಿಗ್ರಿ ಬಂತವ್ವ?" ಎಂದು ಪುಟ್ಟಮಲ್ಲಮ್ಮ ರೇಗಿಸುತ್ತಿದ್ದಳು.

ಅಂಕಿ ಐವತ್ತೇಳು ಪಾಯಿಂಟ್ ಒಂಬತ್ತು ಆದ ಬೆಳಿಗ್ಗೆ ಪವಿತ್ರಾ ಕೈ ತೊಳೆದುಕೊಂಡು ವಯನಾಡಿನ ಗುಂಪು ತೆರೆದಳು. ನಿನ್ನೆಯ ತನಕ ಸೊನ್ನೆಗಳಿದ್ದ ಕಡೆ ಅರವತ್ತೆರಡು, ಎಪ್ಪತ್ತೊಂದು, ನಲವತ್ತೆಂಟು. ಮುದುಕನ ಹೆಸರಿನ ಮುಂದೆ ತೊಂಬತ್ತು. ಅವಳು ಇನ್ನೊಂದು ಸಲ ನೋಡಿದಳು. ನಿನ್ನೆ ಸಂಜೆ ಬಿದ್ದ ಮಳೆ. ನೀರು ಹೊರಟಾಗಿತ್ತು.

ಮನೆಗೆ ಓಡಿದಾಗ ಕಾಂತರಾಜು ಆಟೋ ಒರೆಸುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಫೋನು ಮುಂದೆ ಹಿಡಿದ. "ನೋಡಿಲ್ಲಿ. ಕಬಿನಿಗೆ ಭಾರಿ ಒಳಹರಿವಂತೆ, ಗೇಟೆಲ್ಲ ತೆಗ್ದವ್ರಂತೆ. ಹಿನ್ನೀರಿಗೆ ಯಾರೂ ಇಳೀಬೇಡಿ ಅಂತ ಹಾಕವ್ರೆ. ನಿನ್ ಕಲ್ಲು ಮುಳ್ಗೋಯ್ತು ಬುಡು."

ಅದು ಚಲುವರಾಜುವಿನ ಪುಟವಲ್ಲ, ಅವಳು ಹೆಸರೇ ಕೇಳದ ಇನ್ನೊಂದು. ಗೇಟುಗಳಿಂದ ನೀರು ಬೆಳ್ಳಗೆ ಧುಮುಕುತ್ತಿತ್ತು, ಕೆಳಗೆ ಕೆಂಪು ಅಕ್ಷರಗಳು ಓಡುತ್ತಿದ್ದವು. ಪವಿತ್ರಾ ಪೂರ್ತಿ ನೋಡಿದಳು. ಸೇತುವೆಯ ಮೇಲೆ ನಿಂತ ಜನ ಸ್ವೆಟರ್ ಹಾಕಿಕೊಂಡಿದ್ದರು.

"ಮೇ ತಿಂಗಳಲ್ಲಿ ಯಾರ್ರೀ ಸ್ವೆಟ್ರು ಆಕ್ತಾರೆ? ನೀರು ಅಷ್ಟು ಮೇಲ್ಕೆ ಬರ್ಬೇಕು ಅಂದ್ರೆ ಇನ್ನೂ ಇಪ್ಪತ್ತೈದು ಅಡಿ ಏರ್ಬೇಕು. ಒಂದೇ ರಾತ್ರಿಗೆ ಏರ್ತದಾ? ಆದ್ರೆ ಮೇಲೆ ಮಳೆ ಬಿದ್ದಿರೋದು ನಿಜ ಕಣ್ರೀ. ಇವತ್ತು ನಿಲ್ತದೆ, ನಾಳೆ ಏರ್ತದೆ. ಇವತ್ತು ಬುಟ್ರೆ ಈ ವರ್ಷ ಇಲ್ಲ."

"ಹೋದ ಸಲನೂ ನಾವು ಹೀಗೇ ನಂಬ್ಕೊಂಡು ಹೋದೋ. ಅವ್ವ ಮೂರ್ ದಿನ ಸರ್ಯಾಗಿ ಉಣ್ಲಿಲ್ಲ. ಇನ್ನೊಂದ್ ಸಲ ಅಂಗಾದ್ರೆ ತಡ್ಕೊತಾಳಾ?"

ಪವಿತ್ರಾ ಮತ್ತೆ ಅಂಕಿ ನೋಡಿದಳು. ಫೋಟೋದ ದಿನಕ್ಕಿಂತ ನೀರು ಒಂದಂಗುಲ ಮೇಲಿತ್ತು. ಅಷ್ಟು ವರ್ಷದಲ್ಲಿ ಹೂಳು ಎಷ್ಟು ಕೂತಿದೆಯೋ, ಕಲ್ಲು ಬಿದ್ದಿದೆಯೋ, ಯಾರಿಗೆ ಗೊತ್ತು.

ಮರಮ್ಮ ಜಗುಲಿಯಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೊರ ನಿಂತಿತು. "ನೋಡ್ದೋರು ಯಾರು?" ಎಂದಳು.

"ಕಲ್ಲನ್ನ ಯಾರೂ ನೋಡಿಲ್ಲ ಅತ್ತೆ. ನೀರು ಎಷ್ಟದೆ ಅನ್ನೋದು ಗೊತ್ತು, ಅಷ್ಟೇಯ. ಅಣೆಕಟ್ಟೆ ಹತ್ರ ದಿನಾ ಬೆಳಿಗ್ಗೆ ಯಾರೋ ಒಬ್ರು ಅಳತೆ ನೋಡಿ ಬರೀತಾರೆ."

"ನೀ ಹಾಲು ಅಳ್ದು ಬರೀತೀಯಲ್ಲ, ಅಂಗಾ?"

"ಅಂಗೇಯ."

"ಅವ್ರು ಸುಳ್ಳು ಬರದ್ರೆ?"

"ಒಂದಿನ ಬರೀಬೋದು ಅತ್ತೆ. ಎರಡು ವರ್ಷ ದಿನಾ ನೋಡಿವ್ನಿ. ಸುಳ್ಳು ಬರದ್ರೆ ಮಾರ್ನೇ ದಿನದ ಅಂಕಿ ಅದ್ರ ಜೊತೆ ಕೂಡಲ್ಲ."

ಮರಮ್ಮ ಸೊಸೆಯ ಮುಖವನ್ನೇ ನೋಡಿದಳು. ಎರಡು ವರ್ಷ ಎಂಬ ಮಾತು ಅವಳಿಗೆ ತಾಕಿದಂತಿತ್ತು. ರಾಗಿಯನ್ನು ಮೊರದಿಂದ ಮಡಕೆಗೆ ಸುರಿದು, ಮಂಡಿ ಹಿಡಿದು ಎದ್ದಳು.

"ಕಾಂತ," ಎಂದಳು ಮಗನಿಗೆ. "ಆಟೋ ತಿರುಗ್ಸು."

ಅಂತರಸಂತೆ ದಾಟಿ ಟಾರು ರಸ್ತೆ ಬಿಟ್ಟಾಗ ಹತ್ತೂವರೆ. ಹತ್ತಿ ಬಿತ್ತಿದ ಹೊಲಗಳ ನಡುವೆ ಕೆಂಪು ಮಣ್ಣಿನ ಜಾಡು. ಚಲುವರಾಜು ಬೈಕಿನಲ್ಲಿ ಮೊದಲೇ ಬಂದು ಕಾಯುತ್ತಿದ್ದ. ಪವಿತ್ರಾ ಅವನಿಗೆ ಒಂದೇ ಸಾಲು ಬರೆದಿದ್ದಳು, ಇವತ್ತು ಎಂದು. ಹೊಲಗಳು ಮುಗಿದ ಕಡೆ ನೆಲ ಇಳಿಜಾರಾಗಿ, ಒಮ್ಮೆಗೇ ಎದುರು ತೆರೆದುಕೊಂಡಿತು.

ಹೋದ ಸಲ ನೀರಿದ್ದ ಜಾಗದಲ್ಲಿ ಈಗ ನೆಲವಿತ್ತು, ಅರ್ಧ ಮೈಲಿಗೂ ಮಿಕ್ಕಿ. ಮೊದಲು ಎಳೆಯ ಹುಲ್ಲು, ಆಚೆಗೆ ಬಿರುಕು ಬಿಟ್ಟ ಬೂದು ಮಣ್ಣು, ಅದರಾಚೆ ಹಸಿ ಕೆಸರಿನ ಹೊಳಪು, ಕೊನೆಗೆ ಕಿರಿದಾದ ನೀರು. ಅಲ್ಲಲ್ಲಿ ಐವತ್ತು ವರ್ಷ ನೀರಲ್ಲಿ ನಿಂತು ಬೆಳ್ಳಗಾದ ಮರದ ಮೋಟುಗಳು. ನೀರಿನ ಆಚೆ ದಡದಲ್ಲಿ ಕಾಡು, ಅದರ ಬುಡದಲ್ಲಿ ಎಂಟೋ ಹತ್ತೋ ಕಪ್ಪು ಚುಕ್ಕೆಗಳು ಮೆಲ್ಲಗೆ ಅಲುಗುತ್ತಿದ್ದವು. ಆನೆಗಳು. ಗಾಳಿ ಇರಲಿಲ್ಲ. ಇಷ್ಟು ದಿನ ಬೆರಳ ತುದಿಯಲ್ಲಿ ಒಂದು ಚುಕ್ಕೆಯ ಆಚೀಚೆ ಇಳಿಯುತ್ತಿದ್ದದ್ದು ಇದು ಎಂಬುದನ್ನು ಪವಿತ್ರಾಳಿಗೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಇಳಿದು ಬಹಳ ದೂರ ನಡೆದರು. ಮಧ್ಯೆ ಕಾಂತರಾಜು ಅವ್ವನ ರಟ್ಟೆ ಹಿಡಿಯಲು ಹೋದರೆ ಅವಳು ಕೊಡವಿಕೊಂಡಳು. ಒಣಮಣ್ಣು ಮುಗಿದು ಕಾಲು ಹೂಳುವ ನೆಲ ಬಂತು. ಕಲ್ಲು ಎಲ್ಲೂ ಕಾಣಲಿಲ್ಲ. ಚಲುವರಾಜು ಫೋಟೋ ಹಿಡಿದುಕೊಂಡು ಆ ಕಡೆ ಈ ಕಡೆ ತಿರುಗಿ, "ಈ ಮೋಟ್ಗೋಳು ಬುಟ್ರೆ ಏನೂ ಇಲ್ವಲ್ಲಕ್ಕ," ಎಂದ. ಕಾಂತರಾಜು ಹೆಂಡತಿಯ ಕಡೆ ನೋಡಿದ.

ಮರಮ್ಮ ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತಿದ್ದಳು. ಎಲ್ಲರೂ ಮರದ ಮೋಟೆಂದು ದಾಟಿ ಬಂದಿದ್ದ ಒಂದರ ಕಡೆ ತಿರುಗಿ ನಡೆದಳು. ಹತ್ತಿರ ಹೋದ ಮೇಲೆ ಅದು ಮರವಲ್ಲ ಎಂದು ಉಳಿದವರಿಗೂ ತಿಳಿಯಿತು. ಹೂಳು ತುಂಬಿ ಒಂದು ಗೇಣಿನಷ್ಟೇ ಉಳಿದಿತ್ತು. ಮೈ ತುಂಬ ಸಣ್ಣ ಸಣ್ಣ ಚಿಪ್ಪುಗಳು ಅಂಟಿಕೊಂಡಿದ್ದವು. ಮರಮ್ಮ ಅದರ ತಲೆಯ ಮೇಲೆ ಅಂಗೈ ಇಟ್ಟಳು. ಕೈ ಮುಗಿಯಲಿಲ್ಲ. ಆಮೇಲೆ ಕಲ್ಲಿಗೆ ಬೆನ್ನು ಕೊಟ್ಟು, ಸೂರ್ಯ ಎಲ್ಲಿದ್ದಾನೆಂದು ನೋಡಿ, ಬಲಕ್ಕೆ ಹೊರಟಳು.

ಇಪ್ಪತ್ತು ಹೆಜ್ಜೆ ಹೋದವಳು ತಟ್ಟನೆ ಎಡಕ್ಕೆ ತಿರುಗಿದಳು. ಸ್ವಲ್ಪ ಹೋಗಿ ಮತ್ತೆ ಬಲಕ್ಕೆ. ಸುತ್ತ ಬರೀ ಬಟ್ಟಬಯಲು, ಅಡ್ಡವಾಗಿ ಒಂದು ಕಡ್ಡಿಯೂ ಇರಲಿಲ್ಲ.

"ಅವ್ವ, ಸುತ್ತಾಕ್ಕೊಂಡ್ ಯಾಕ್ ಹೋಯ್ತಿದ್ದಿ? ನೆಟ್ಟಗೆ ಬಾ, ಕೆಸ್ರು."

"ನೆಟ್ಟಗೆ ಎಂಗ್ಲಾ ಬರ್ಲಿ? ಸಿದ್ದಲಿಂಗಮ್ಮನ ಜಗ್ಲಿ ಅಡ್ಡ ಅದಲ್ಲ."

ಮರಮ್ಮ ನಡೆಯುತ್ತಲೇ ಇದ್ದಳು. ಒಂದು ಕಡೆ ತಲೆ ಸ್ವಲ್ಪ ತಗ್ಗಿಸಿದಳು, ಯಾರದೋ ಸೂರಿನ ಅಂಚು ತಗಲುವಂತೆ. ಇನ್ನೊಂದು ಕಡೆ ಹೆಜ್ಜೆ ಅಗಲ ಮಾಡಿ ಏನನ್ನೋ ದಾಟಿದಳು; ಬಚ್ಚಲ ಕಾಲುವೆ, ಎಂದಳು, ಹಿಂದಿನವರಿಗೆ ಹೇಳುವಂತೆ. ಪವಿತ್ರಾ ಅದೇ ಜಾಗದಲ್ಲಿ ಸೀರೆ ಎತ್ತಿ ಹಿಡಿದು ದಾಟಿದಳು. ಅವಳ ಹಿಂದೆ ಕಾಂತರಾಜುವೂ ದಾಟಿದ.

ಚಲುವರಾಜು ಮಾತ್ರ ವಿಡಿಯೋಗೆ ಮುಂದಿನಿಂದ ಸಿಗಲಿ ಎಂದು ಬಯಲಿಗೆ ಅಡ್ಡ ಬಿದ್ದು ಓಡಿದ್ದ.

"ಏಯ್ ಮಗ," ಎಂದಳು ಮರಮ್ಮ. "ಎತ್ಲಾಗ್ ನುಗ್ತಿದ್ದಿಯಪ್ಪಾ? ಅದು ಚಿಕ್ಕಬೀರಯ್ಯನ ಅಡ್ಗೆಮನೆ. ಚಪ್ಲಿ ಬ್ಯಾರೆ ಆಕ್ಕಂಡು."

ಚಲುವರಾಜು ನಿಂತ. ಕಾಲ ಕೆಳಗಿನ ಕೆಸರನ್ನು ನೋಡಿದ, ಸುತ್ತ ನೋಡಿದ. ಫೋನು ಹಿಡಿದ ಕೈ ತಾನಾಗಿ ಇಳಿಯಿತು. ಬಗ್ಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡ. "ಯಾವ ಕಡೆ ಬಾಗ್ಲು ಅಜ್ಜಿ ಅವ್ರ್ದು?" ಎಂದು ಮೆಲ್ಲಗೆ ಕೇಳಿದ.

"ಮೂಡ್ಲಾಕೆ. ಒಳ್ಳೆ ಮನ್ಸ. ಹಬ್ಬಕ್ಕೆ ಎಲ್ರಿಗೂ ಬೆಲ್ಲ ಕೊಡೋನು."

ಚಲುವರಾಜು ಆ ಬಾಗಿಲ ಕಡೆಯಿಂದ ಹೊರಬಂದು ಎಲ್ಲರ ಹಿಂದೆ ಸೇರಿಕೊಂಡ. ಮೂರನೆಯ ತಿರುವಿನಲ್ಲಿ ಮರಮ್ಮ ನಿಂತಳು. "ಇಲ್ಲಿ ಹೊಸ್ಲು," ಎಂದಳು. ಅಲ್ಲೂ ಎಲ್ಲ ಕಡೆ ಇದ್ದಂಥದೇ ಕೆಸರು. ಕಾಂತರಾಜು ಒಂದು ಗಳಿಗೆ ನಿಂತು ನೋಡಿ, ಮಂಡಿಯೂರಿ ಕೂತು, ಎರಡು ಕೈಯಲ್ಲೂ ಹೂಳು ತೋಡತೊಡಗಿದ. ಮೊಣಕೈ ಮುಳುಗಿತು. ಅವನ ಕೈ ನಿಂತಿತು. ಉಗುರು ಕಲ್ಲಿಗೆ ಕೆರೆದ ಸದ್ದು ಕೆಸರಿನೊಳಗಿಂದ ಬಂತು. ಅವನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆರಳಾಡಿಸಿದ. ನೆಟ್ಟನೆಯ ಅಂಚು, ನಡುವೆ ಸವೆದ ಹಳ್ಳ.

"ಅದೆ ಕಣವ್ವ," ಎಂದ. ಆ ಮನೆಯನ್ನು ಅವನು ಹುಟ್ಟಿದಾಗಿನಿಂದ ಕಂಡವನಲ್ಲ. ಕೈಯ ಕೆಸರು ಹಾಗೇ ಇರಲು ಎದ್ದು ನಿಂತು, ಬಲಗಾಲಿಟ್ಟು ದಾಟಿದ.

ಮರಮ್ಮ ನಡುಮನೆ ಹಾದು, ಹಿತ್ತಲಿಗೆ ಇಳಿದು, ಒಂದು ಕಡೆ ಬಂದು ಕೂತಳು. ಹುಡುಕಲಿಲ್ಲ. ಕಾಲು ಮಡಿಸಲಿಲ್ಲ, ಎರಡೂ ಕಾಲನ್ನು ಮುಂದಕ್ಕೆ ನೀಡಿ, ಜೋಡಿಸಿ, ಸೀರೆಯನ್ನು ಮಂಡಿಯ ತನಕ ಸರಿಸಿಕೊಂಡಳು. ಎರಡು ಮಕ್ಕಳನ್ನು ಹಾಗೆಯೇ ಕಾಲ ಮೇಲೆ ಮಲಗಿಸಿಕೊಂಡು ನೀರೆರೆದಿದ್ದ ಪವಿತ್ರಾಳಿಗೆ ಆ ಕೂರುವಿಕೆ ಗೊತ್ತಿತ್ತು. ಅವಳು ತಾನು ಹಿಡಿದು ತಂದಿದ್ದ ಹಾಲಿನ ಚೊಂಬಿನ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಅತ್ತೆಯ ಕೈಗೆ ಕೊಟ್ಟು ದೂರ ಸರಿದಳು. ಮರಮ್ಮ ಎಡಗೈಯನ್ನು ಕಾಲುಗಳ ಮೇಲೆ ಅಡ್ಡ ಹಿಡಿದು, ಬಲಗೈಯಿಂದ ಹಾಲನ್ನು ಸಣ್ಣಗೆ, ತಡೆದು ತಡೆದು ಬಿಟ್ಟಳು. ಬಿಳಿ ಧಾರೆ ಮೊಣಕಾಲ ನಡುವಿನಿಂದ ಇಳಿದು ಮಣ್ಣಿಗೆ ಸೇರಿತು. ತುಟಿ ಏನೋ ಅಂದುಕೊಳ್ಳುತ್ತಿತ್ತು, ಯಾರಿಗೂ ಕೇಳಿಸುವಂತಿರಲಿಲ್ಲ.

ಕಾಂತರಾಜು ಕೈ ಕಟ್ಟಿ ನಿಂತ, ಬಿಟ್ಟ, ಮತ್ತೆ ಕಟ್ಟಿದ.

"ಅಕ್ಕ," ಎಂದು ಚಲುವರಾಜು ಬಹಳ ಹೊತ್ತಿನ ಮೇಲೆ ಪಿಸುಗುಟ್ಟಿದ. "ನಾ ಏನ್ ಅಂತ ಹಾಕ್ಲಿ?"

"ಕಲ್ಲು ನೋಡ್ದೆ ಅಂತ ಹಾಕಿ. ತಾರೀಕು, ಹೊತ್ತು, ನೀರಿನ ಅಂಕಿ ಹಾಕಿ," ಎಂದಳು ಪವಿತ್ರಾ. ಹಿತ್ತಲಿನ ಕಡೆ ಕಣ್ಣು ಹೋಗಿ ಬಂತು. "ಇದು ಬ್ಯಾಡ."

ಅವನು ತಲೆಯಾಡಿಸಿ ಫೋನನ್ನು ಜೇಬಿಗಿಟ್ಟ.

ಹೊರಡುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಮರಮ್ಮ ಬಂದ ದಾರಿಯಲ್ಲೇ ಹೊಸಿಲು ದಾಟಿ, ಬೀದಿಗೆ ಇಳಿದು, ಜಗುಲಿಗಳನ್ನು ಬಳಸಿಕೊಂಡು ನಡೆದಳು. ಈ ಸಲ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಮೇಲಿನ ಹುಲ್ಲಿನ ದಿಣ್ಣೆ ಹತ್ತಿದ ಮೇಲೆ ಅವಳು ಕಾಲಿನ ಕೆಸರು ಒರೆಸಿಕೊಳ್ಳಲು ಕೂತಳು, ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಪವಿತ್ರಾ ನೋಡಿದಳು.

ಕೆಳಗೆ, ಹೊಳೆಯುವ ಬೂದು ಬಯಲಿನ ನಡುವೆ, ನಾಲ್ವರ ಹೆಜ್ಜೆಗಳು ಕಲ್ಲಿನಿಂದ ಹೊರಟು ಬಲಕ್ಕೆ ಹೋಗಿ, ಎಡಕ್ಕೆ ಹೊರಳಿ, ಒಂದು ಕಡೆ ಕಿರಿದಾಗಿ, ಒಂದು ಕಡೆ ಯಾರದೋ ಮನೆಯನ್ನು ಸುತ್ತಿ ಬಂದಿದ್ದವು. ಹೋದ ಹೆಜ್ಜೆಗಳ ಮೇಲೆ ಬಂದ ಹೆಜ್ಜೆಗಳು ಬಿದ್ದು ದಾರಿ ತುಳಿದು ನೆಲೆಯಾದಂತೆ ಕಾಣುತ್ತಿತ್ತು. ಒಂದು ತಿರುವಿನ ಪಕ್ಕದಲ್ಲಿ ಒಬ್ಬರದೇ ಚಪ್ಪಲಿಯ ಗುರುತು ಬಯಲೊಳಕ್ಕೆ ನುಗ್ಗಿ, ಅರ್ಧಕ್ಕೆ ನಿಂತಿತ್ತು. ಅಲ್ಲಿಂದ ಆಚೆಗೆ ಬರಿಗಾಲಿನ ಗುರುತು, ಬಾಗಿಲ ಕಡೆಗೆ.